ಜ್ಯೋತಿ ಓದಿದ ಕೊನೆ

“ಮುಗೀತು” ಎಂದು ಜ್ಯೋತಿ ಪುಸ್ತಕ ಮುಚ್ಚಿದಾಗ ಸೂಜಿ ಹಿಡಿದ ಕೈಗಳೆಲ್ಲ ನಿಂತುಬಿಟ್ಟವು.

“ಮುಗೀತು? ಹಂಗಂದ್ರ?” ಗೋದುಬಾಯಿ ಕಣ್ಣು ಕಿರಿದು ಮಾಡಿದಳು. “ಮತ್ತ ಆ ಫಿರಂಗಿ ಸಾವ್ಕಾರನ ಮನೀಗೇ ಹೋದ್ಲೇನ?”

“ಹೂಂ. ತಾನಾಗೇ ಹೋದ್ಲು. ಅಷ್ಟ ಬರದೈತಿ.”

“ಥೂ! ಗೋವಾದಿಂದ ಘಟ್ಟ ಹತ್ತಿ, ಹುಲಿ ಕಣ್ಣು ತಪ್ಪಿಸಿ, ಕಾಳಿ ಹೊಳಿ ಈಸಿ ಬಂದಾಕಿ, ತಾನಾಗೇ ವಾಪಸ್ ಹೋಗ್ತಾಳ? ಬರದಾಂವಗ ತಲಿ ಕೆಟ್ಟಿತ್ತೇನ? ಫುಲಾ ಹಚ್ಚದ ಕೌದಿ ಆತಲ್ಲ ಇದು!”

ಸಾಂಬ್ರಾಣಿ ಊರಿನ ಆಚೆಗಿನ ಆ ಸಿದ್ದಿ ಓಣಿಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಹೊದೆಯುವ ಕೌದಿ ಎಷ್ಟೇ ಚೆಂದ ಇರಲಿ, ಮೂಲೆಗಳಿಗೆ ಬಟ್ಟೆ ಮಡಚಿ ಫುಲಾ ಎಂಬ ಹೂವು ಹಚ್ಚದಿದ್ದರೆ ಅದನ್ನು ಮುಗಿದದ್ದೆಂದು ಯಾರೂ ಒಪ್ಪುವುದಿಲ್ಲ. ತುಳಸಾಳ ಅಂಗಳದಲ್ಲಿ ಕೌದಿ ಹೊಲಿಯಲು ಕೂತ ಹೆಂಗಸರಿಗೆ ತುಳಸಾಳ ಮಗಳು ಜ್ಯೋತಿ ದಿನಾ ಓದಿ ಹೇಳುತ್ತಿದ್ದ ಕಾದಂಬರಿ ಅದು. ಹಿಂದಿನ ಕಾಲದಲ್ಲಿ ಗೋವಾದ ಫಿರಂಗಿ ಸಾವ್ಕಾರನಿಗೆ ಮಾರಿಹೋದ ಜುವಾನಾ ಎಂಬ ಸಿದ್ದಿ ಹುಡುಗಿ, ತಪ್ಪಿಸಿಕೊಂಡು ಅವ್ವನ ಗುಡಿಸಲು ಹುಡುಕುತ್ತ ಬರುವ ಕತೆ. ತಮ್ಮಂಥವರ ಕತೆಯೂ ಪುಸ್ತಕದಲ್ಲಿದೆಯೆಂದರೆ ಕೇಳಬೇಕೆ! ಅಡುಗೆ ಅರ್ಧಕ್ಕೆ ಬಿಟ್ಟು ಬಂದು ಕೂರುತ್ತಿದ್ದರು.

“ಅವ್ವನ ಮನಿ ಮುಟ್ಟಿದ್ಲೋ ಇಲ್ಲೋ? ಅದನ್ನಾರ ಹೇಳವಾ” ಎಂದಳು ಪಕ್ಕದ ಮನೆಯ ಜಾನು.

“ಇಲ್ಲ. ದಾರ್ಯಾಗಿಂದನ ತಿರುಗಿದ್ಲು.”

ತುಳಸಾ ಮಾತ್ರ ಮಗಳ ಬೆರಳನ್ನೇ ಗಮನಿಸಿದ್ದಳು. ಅವಳಿಗೆ ಓದು ಬಾರದು, ಆದರೆ ಕಣ್ಣಿಗೇನು ಧಾಡಿ? ಜ್ಯೋತಿ ಯಾವಾಗಲೂ ಸಾಲಿನ ಕೆಳಗೆ ಬೆರಳು ಓಡಿಸುತ್ತ ಓದುವವಳು. ಇವತ್ತು ಕೊನೆ ಬರುವ ಹೊತ್ತಿಗೆ ಆ ಬೆರಳು ನಿಂತಲ್ಲೇ ನಿಂತಿತ್ತು, ಹಾಳೆಯನ್ನೂ ಮಗುಚಲಿಲ್ಲ.

ಹುಡುಗಿ ಸುಳ್ಳು ಓದಿದ್ದಾಳೆ! ಯಾಕೆ ಓದಿದಳೆಂಬುದೂ ತುಳಸಾಗೆ ಅಲ್ಲೇ ಹೊಳೆಯಿತು. ಗಂಡ ಹೊಡೆದನೆಂದು ಜ್ಯೋತಿ ಮುಂಡಗೋಡಿನಿಂದ ಬಂದು ಕೂತಿದ್ದಳು. ಬಂದಾಗ ಮೊಣಕೈ ಬಾತುಕೊಂಡಿತ್ತು. ಮಂದಿಯ ಬಾಯಿಗೆ ಹೆದರಿದ ತುಳಸಾ, ಭಾನುವಾರ ಬಂದರೆ ಕಳಿಸಿಕೊಡುತ್ತೇನೆಂದು ಅಳಿಯ ಪರಶುರಾಮನಿಗೆ ಮಾತು ಕೊಟ್ಟಿದ್ದಳು. ಹೊಲಿಯುತ್ತಿದ್ದ ಕೌದಿಯೂ ಮಗಳ ಜೊತೆ ಕಳಿಸಲಿಕ್ಕೇ. ಜ್ಯೋತಿ ಹೋಗುತ್ತೇನೆ ಅನ್ನಲಿಲ್ಲ, ಒಲ್ಲೆನೆಂದೂ ಅನ್ನಲಿಲ್ಲ. ಈಗ ನೋಡಿದರೆ ವಾಪಸ್ ಹೋಗುವವಳ ಕತೆ ಕಟ್ಟಿ, ಓಣಿಯ ಹೆಂಗಸರ ಬಾಯಿಂದ ಥೂ ಅನ್ನಿಸಿದ್ದಾಳೆ. ಥೂ ಅಂದದ್ದು ಬರೆದವನಿಗಲ್ಲ, ನನಗೇ! ಗೋದುಬಾಯಿ ಹಾಗನ್ನುವಾಗ ಓರೆಗಣ್ಣಿನಿಂದ ತನ್ನ ಕಡೆ ನೋಡಿದಳೆಂದೂ ತುಳಸಾಗೆ ಅನ್ನಿಸಿತು. ಎಲ್ಲರೂ ಸೇರಿಯೇ ಆಡಿದ ಆಟವಿದ್ದರೂ ಇರಬಹುದು, ಯಾರಿಗೆ ಗೊತ್ತು?

ಮಾರನೆಯ ಬೆಳಿಗ್ಗೆ ಪುಸ್ತಕವನ್ನು ಚೀಲಕ್ಕೆ ತುರುಕಿ, ಯಾರಿಗೂ ಹೇಳದೆ ಹಳಿಯಾಳದ ಬಸ್ಸು ಹತ್ತಿದಳು. ಕೌದಿಗೆ ಬಟ್ಟೆ ಚೂರು ಕೊಡುವ ಟೇಲರ್ ಮೆಹರುನ್ನಿಸಾಳ ಅಂಗಡಿ ಅಲ್ಲಿತ್ತು. ಪುಸ್ತಕವೂ ಅವಳದೇ.

“ಬರ್ರಿ ತುಳಸಕ್ಕಾ, ಓದಿ ಮುಗೀತೇನ್ರಿ? ಕೊನಿ ಓದಿ ನನಗಂತೂ ಭಾಳ ಬ್ಯಾಸರಾತು. ನಮ್ಮ ಮಗಳು ಯಾಸ್ಮೀನ ಪುಸ್ತಕ ಒಗದೇಬಿಟ್ಟಿದ್ಲು.”

“ಅದನ್ನ ಕೇಳಾಕ ಬಂದೇನಿ. ಹುಡುಗಿ ತಾನಾಗೇ ವಾಪಸ್ ಹೋದ್ಲಂತ ಬರದೈತೇನ್ರಿ?”

“ತಾನಾಗೇ? ಯಾರಂದ್ರು?” ಮೆಹರುನ್ನಿಸಾ ಕತ್ತರಿ ಕೆಳಗಿಟ್ಟು ಕೊನೆಯ ಹಾಳೆಗಳನ್ನು ತೆರೆದಳು. “ಅವ್ವನ ಬಾಗಲಕ್ಕ ಬರ್ತಾಳ್ರೀ. ಬಾಗಲಾ ಬಡೀತಾಳ. ನಿನ್ನ ಒಳಗ ಕರಕೊಂಡ್ರ ಮಂದಿ ಏನಂದಾರು, ವಾಪಸ್ ಹೋಗು ಅಂತಾಳ ಅವ್ವ. ಚಿಲಕಾನ ತಗಿಯೂದಿಲ್ಲ! ಅಲ್ರೀ, ಹೆತ್ತಾಕಿ ಹಂಗ ಮಾಡ್ತಾಳ?”

ಮೆಹರುನ್ನಿಸಾ ಚಹಾ ತರಿಸುತ್ತೇನೆಂದರೂ ಕೂರದೆ ತುಳಸಾ ಪುಸ್ತಕ ಎತ್ತಿಕೊಂಡು ಹೊರಟಳು.

ಬಸ್ಸಿನಲ್ಲಿ ಕೂತಾಗ ತುಳಸಾಗೆ ಎಲ್ಲ ತಿಳಿಯಿತು. ಮಗಳು ತನ್ನ ಮರ್ಯಾದೆ ತೆಗೆದಿರಲಿಲ್ಲ, ಉಳಿಸಿದ್ದಳು. ಹೆಂಗಸರು ಆ ಅವ್ವನಿಗೆ ಥೂ ಅನ್ನಬಾರದೆಂದು ಅವಳನ್ನು ಕತೆಯಿಂದಲೇ ತೆಗೆದುಹಾಕಿ, ತಪ್ಪನ್ನೆಲ್ಲ ಜುವಾನಾಳ ತಲೆಗೆ ಕಟ್ಟಿದ್ದಳು. ಭಾನುವಾರ ಪರಶುರಾಮ ಬಂದರೂ ಹಾಗೆಯೇ, ನಾನಾಗೇ ಹೊರಟೆನೆಂದು ಹೇಳಿ ಹೊರಟುಬಿಡುವವಳು. ಇಂಥವಳ ಮೇಲೆ ಗುಮಾನಿ ಪಟ್ಟೆನಲ್ಲ ಎಂದು ತುಳಸಾಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಭಾನುವಾರ ಹೆಂಗಸರು ಕೌದಿಗೆ ಫುಲಾ ಹಚ್ಚಲು ಕೂತರು. ತುಳಸಾ ಪುಸ್ತಕ ತಂದು ಜ್ಯೋತಿಯ ಮಡಿಲಿಗೆ ಹಾಕಿದಳು.

“ಕೊನಿ ಮತ್ತೊಮ್ಮೆ ಓದು. ಅದರಾಗ ಇದ್ದದ್ದ ಓದು.”

ಜ್ಯೋತಿಯ ಮುಖ ಇಳಿದುಹೋಯಿತು. “ಬ್ಯಾಡವ್ವಾ.”

“ಓದು ಅಂದೆ.”

ಜ್ಯೋತಿ ಓದಿದಳು. ಈ ಸಲ ಬೆರಳು ಸಾಲಿನ ಕೆಳಗೆ ಓಡಿತು.

“ಅಯ್ಯ, ಆಕಿ ಬಾಯಾಗ ಮಣ್ಣು ಬೀಳಲಿ, ಅವ್ವ ಅಂತಾರೇನ ಅಂಥಾಕಿಗೆ!” ಗೋದುಬಾಯಿ ಕೂಗಿಬಿಟ್ಟಳು. ಜಾನುವೂ ದನಿಗೂಡಿಸಿದಳು. ತುಳಸಾ ತಲೆ ತಗ್ಗಿಸಿ ಹೊಲಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳು.

ಅಷ್ಟರಲ್ಲಿ ಬೇಲಿಯಾಚೆ ಟೆಂಪೊ ನಿಂತಿತು. “ಅತ್ತೀ, ತಯಾರಾಗ್ಯಾಳೇನ್ರಿ?” ಎಂದ ಪರಶುರಾಮ.

ಜ್ಯೋತಿ ಸುಮ್ಮನೆ ಎದ್ದು ಅಂಗಳದ ಅಂಚಿನವರೆಗೆ ಹೋದಳು. ತುಳಸಾ ಸೂಜಿ ಚುಚ್ಚಿಟ್ಟು ಎದ್ದು ಮಗಳ ಮುಂದೆ ನಿಂತಳು.

“ಆಕಿ ಬರೂದಿಲ್ಲ.”

“ಮಾತು ಕೊಟ್ಟಿದ್ರಲ್ರೀ!”

“ಕೊಟ್ಟಿದ್ದೆ, ತಪ್ಪು ಮಾಡಿದ್ದೆ. ನೀ ನಡಿ ಇನ್ನ.”

ಅವನು ಏನೇನೋ ಕೂಗಾಡಿದ. ಹೆಂಗಸರೆಲ್ಲ ಎದ್ದು ನಿಂತದ್ದು ಕಂಡು ಟೆಂಪೊ ತಿರುಗಿಸಿದ. ಜ್ಯೋತಿ ಮಾತ್ರ ಅಲುಗಾಡದೆ ನಿಂತೇ ಇದ್ದಳು.

“ಅವ್ವಾ, ನಾ ಸುಳ್ಳ ಓದಿದ್ದು ನಿನಗ ಹೆಂಗ...”

“ಅದನ್ನ ಆಮ್ಯಾಲ ಹೇಳ್ತೇನಿ” ಎಂದು ತುಳಸಾ ಮನೆಯ ಬಾಗಿಲನ್ನು ಪೂರಾ ತೆಗೆದಳು. “ಹೊರಗ ಯಾಕ ನಿಂತಿ? ಒಳಗ ಬಾ.”