ಮೂರನೆಯ ಗೆರೆ

ಢಕ್ ಢಕ್, ಒಂದು ಏಟು ತಪ್ಪಿ ಮತ್ತೆ ಢಕ್ — ಕನ್ನಡಿಗೆ ಕಟ್ಟಿದ ಚೆಂಡುಹೂವಿನ ಮಾಲೆ ಬಿಕ್ಕಳಿಕೆ ಹತ್ತಿದ ಕೂಸಿನ ಹಾಗೆ ಕುಲುಕುತ್ತಿದೆ, ಚೆಂಬೂರಿನ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಬಾನೆಟ್ ಎತ್ತಿ ನಿಂತ ಅಣವೀರಪ್ಪನಿಗೆ ತಲೆಬುಡ ತಿಳಿಯುತ್ತಿಲ್ಲ, ಮೊನ್ನೆಯವರೆಗೆ ಬೆಣ್ಣೆಯ ಹಾಗೆ ಓಡಿದ ಕಾರು, ನಿನ್ನೆ ಖಂಡೇನವಮಿಯ ಆಯುಧಪೂಜೆ ಆಯಿತು, ಇವತ್ತು ಈ ಗೋಳು, ಇಪ್ಪತ್ತಾರು ವರ್ಷದ ಮುದಿಗಾಡಿ ನಿಜ, ಆದರೆ ಕಾಂದಿವಲಿಯ ಗ್ಯಾರೇಜಿನಲ್ಲಿ ಮೂವತ್ತೆಂಟು ವರ್ಷ ಇಂಜಿನ್ನಿನ ಕೆಮ್ಮು ಕೇಳಿಯೇ ರೋಗ ಹೇಳಿದವನು ತಾನು — ಹನ್ನೊಂದಕ್ಕೆ ಶುಭಾಂಗಿ ಬೊರಿವಲಿಯಿಂದ ಬರುತ್ತಾಳೆ, ಅಪ್ಪನಿಗೆ ದಸರೆಯ ಬನ್ನಿ ಕೊಡಲು, ಬನ್ನಿ ನೆಪ, ಮಗಳ ಕಣ್ಣು ಇರುವುದು ಕಾರಿನ ಚಾವಿಯ ಮೇಲೆ. ಹೋದ ತಿಂಗಳು ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ನಿಂತೇ ಇದ್ದ, ಮನೆ ಎಡಕ್ಕೋ ಬಲಕ್ಕೋ ಹೊಳೆಯಲಿಲ್ಲ, ಹಿಂದಿನವರ ಹಾರ್ನು ಕಿವಿ ಕಿತ್ತು ತಿನ್ನುತ್ತಿತ್ತು, ಪಕ್ಕದಲ್ಲಿ ಕುಳಿತ ಅವಳು ನೋಡಿಬಿಟ್ಟಳು, ಪಪ್ಪಾ, ಚಾವಿ ನನಗೆ ದೇ ದೋ ನಾ, ನನಗೆ ಡರ್ ಆಗ್ತದೆ. ಇವತ್ತು ಬೆಳಿಗ್ಗೆ ಫೋನಿನಲ್ಲಿ ಮತ್ತೆ ಅದೇ ರಾಗ, ಇವನಿಗೂ ರೇಗಿತು, ನೀ ಬರೂದ್ರಾಗ ಇಂಜಿನ್ ಏಟ ತಪ್ಪೂ ಈ ಮಿಸ್ಸಿಂಗ್ ನಾ ಹಿಡೀಲಿಲ್ಲಂದ್ರ ಚಾವಿ ನಿನ್ನ ಕೈಯಾಗ ಇಡತೀನಿ, ಹಿಡದ್ನಂದ್ರ ಮುಂದ ಆ ಮಾತ ತಗೀಬ್ಯಾಡ. ಆಡಿಬಿಟ್ಟ. ಈಗ ಹತ್ತೂಕಾಲು.

ನೀರು, ನೀರೇ ಇರಬೇಕು, ಹೆಂಡತಿ ಮಲ್ಲಕ್ಕ ಚಹಾ ಕುದಿಸುತ್ತ ತಾನಾಗಿಯೇ ಹೇಳಿದಳಲ್ಲ, ನಿನ್ನೆ ಗಾಡಿ ತೊಳಿಯೂ ಮುಂದ ನಾನ ಒಳಗ ನೀರ ಹೊಡದೆ ನೋಡ್ರಿ, ನಂದ ತಪ್ಪು — ಹೇಳುವಾಗ ಮುಖವನ್ನು ಒಲೆಯ ಕಡೆ ಯಾಕೆ ತಿರುಗಿಸಿಕೊಂಡಳು, ಪ್ಲಗ್ಗು ನಾಲ್ಕೂ ಬಿಚ್ಚಿ ನೋಡಿದ್ದಾಯಿತು, ಒಂದು ಹನಿ ನೀರಿಲ್ಲ. ಗ್ಯಾರೇಜಿನ ಗುರುಪಾದ ಉಸ್ತಾದ ಹೇಳುತ್ತಿದ್ದ, ಇಂಜಿನ್ ಚಾಲೂ ಇಟ್ಟು ಒಂದೊಂದ ವೈರ್ ಕೀಳೋ ತಮ್ಮಾ, ದುಡಿಯೂ ಸಿಲಿಂಡರಿಂದು ಕಿತ್ರ ಅಳತದ, ಮೈಗಳ್ಳಂದು ಕಿತ್ರ ಖಬರೂ ಇರೂದಿಲ್ಲ — ಇಕ್ಕಳ ಹಿಡಿದ ತನ್ನ ಕೈಯಲ್ಲಿ ಉಂಗುರಬೆರಳಿಗೆ ತುದಿಯಿಲ್ಲ, ಫ್ಯಾನ್‌ಬೆಲ್ಟ್ ನುಂಗಿದ್ದು, ಅಂದಿನಿಂದ ತಾನು ಎಳೆದ ವಿಭೂತಿಯಲ್ಲಿ ಎರಡು ಗೆರೆ ಉದ್ದ, ಮೂರನೆಯದು ಗಿಡ್ಡ, ಪುಟ್ಟ ಶುಭಾಂಗಿ ಆ ಹಣೆಯಲ್ಲೇ ಶಾಲೆಗೆ ಹೋಗಿ ಅಳುತ್ತ ಬರುತ್ತಿದ್ದಳು, ಹುಡುಗರು ಎರಡೂವರೆ ಗೆರೆಯವಳು ಅಂತಾರ — ಒಂದನೆಯ ವೈರು ಕಿತ್ತ, ಇಂಜಿನ್ ಸಾಯಲು ಹೋಯಿತು, ನಾಲ್ಕನೆಯದು, ಅದೂ ಅತ್ತಿತು, ಎರಡನೆಯದು, ಏನೂ ಇಲ್ಲ, ಮೂರನೆಯದು, ಏನೂ ಇಲ್ಲ. ಎರಡು ಒಟ್ಟಿಗೆ ಸಾಯುವುದಿಲ್ಲ. ಯಾರೋ ಎರಡು ವೈರು ಅದಲುಬದಲು ಮಾಡಿದ್ದಾರೆ. ಯಾರು? ಅಳಿಯ ಶರಣುವಿಗೆ ಬಾನೆಟ್ ತೆಗೆಯಲೂ ಬರುವುದಿಲ್ಲ, ತಾನಂತೂ ಅಲ್ಲ, ಪ್ರತಿವರ್ಷ ನಾಲ್ಕೂ ವೈರು ಬಿಚ್ಚಿ ಒರೆಸಿ ಮಣೆಯ ಮೇಲಿಟ್ಟು ಪೂಜೆ ಮಾಡುವುದುಂಟು, ಈ ವರ್ಷ ಮೊಣಕಾಲು ನೋವೆಂದು ಹೊರಗಿನಿಂದಲೇ ಕರ್ಪೂರ ಬೆಳಗಿದ, ಕಣ್ಣಿಗೆ ಕಟ್ಟಿದ ಹಾಗಿದೆ — ಅಥವಾ ಅದು ಹೋದ ವರ್ಷವೋ, ಮೊಣಕಾಲು ನೋಯುತ್ತಿದ್ದದ್ದು ಯಾವ ವರ್ಷ — ಅಲ್ಲ, ತಾನಲ್ಲ, ಯಾರೋ ಕಿಡಿಗೇಡಿ, ಸಿಕ್ಕರೆ ಹಲ್ಲು ಉದುರಿಸಬೇಕು.

ಇಂಜಿನ್ ಆರಿಸಿ ನಾಲ್ಕೂ ವೈರು ಪೂರ್ತಿ ಕಿತ್ತು ಮಣೆಯ ಮೇಲೆ ಸಾಲಾಗಿ ಮಲಗಿಸುತ್ತಾನೆ, ಒಂದು, ಎರಡು, ಮೂರು, ನಾಲ್ಕು, ಕಪ್ಪು ರಬ್ಬರಿನ ಮೇಲೆ ಅಲ್ಲಲ್ಲಿ ಏನೋ ಬಿಳಿ, ಧೂಳೇನೋ ಎಂದು ಒರೆಸಲು ಹೋದವನು ವೈರುಗಳನ್ನು ಪಕ್ಕಪಕ್ಕಕ್ಕೆ ಒತ್ತಿದ, ಬಿಳಿ ಬಿಳಿ ಕೂಡಿಕೊಂಡಿತು, ವಿಭೂತಿ, ಇನ್ನೂ ಉದುರದ ಹೊಸ ವಿಭೂತಿ, ಒಂದು ಗೆರೆ ನಾಲ್ಕೂ ವೈರು ದಾಟಿದೆ, ಎರಡನೆಯದೂ ದಾಟಿದೆ, ಮೂರನೆಯದು — ಎರಡನೆಯ ವೈರಿಗೇ ನಿಂತಿದೆ. ತುದಿಯಿಲ್ಲದ ಉಂಗುರಬೆರಳು ತಾನಾಗಿಯೇ ಮಡಚಿಕೊಂಡಿತು. ಹಾಗಾದರೆ ನಿನ್ನೆ ಮಲ್ಲಕ್ಕ ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿರಬೇಕು, ಎಲ್ಲ ನೋಡಿರಬೇಕು, ನೀರು ಹೊಡೆದೆ ಅಂದಳಲ್ಲ, ಒಲೆಗೆ ಮುಖ ಮಾಡಿ. ತಲೆ ಮರೆತದ್ದನ್ನು ಕೈ ಮರೆತಿಲ್ಲ, ಕಿಡಿ ಹಾರುವ ಸರದಿ ಒಂದು-ಮೂರು-ನಾಲ್ಕು-ಎರಡು, ವೈರುಗಳು ತಮ್ಮ ತಮ್ಮ ಜಾಗಕ್ಕೆ ಕೂತವು, ಚಾವಿ ತಿರುವಿದ, ಇಂಜಿನ್ ಬೆಣ್ಣೆ. ಖುಷಿಯಾಗಬೇಕಿತ್ತು, ಬೆರಳಿಗೆ ಹತ್ತಿದ ವಿಭೂತಿಯನ್ನು ಅಂಗಿಗೆ ಒರೆಸಿಕೊಂಡ. ಶುಭಾಂಗಿ ಬಂದು ನಿಂತಿದ್ದಾಳೆ, ಅಂಗೈಯಲ್ಲಿ ಬನ್ನಿ, ತಗೋ ಪಪ್ಪಾ, ಬಂಗಾರದ ಹಾಗೆ ಇರೋಣ, ಅರೇ, ಗಾಡಿ ತೋ ಮಸ್ತ್ ಚಾಲೂ ಆಯ್ತು, ನೀನು ಗೆದ್ದೆ, ನಾನು ಇನ್ನು ಕೇಳೋದಿಲ್ಲ. ಹಿಂದೆ ಮಲ್ಲಕ್ಕ, ನೆಲ ನೋಡುತ್ತ, ನೀರ ಆರಿರಬೇಕು ತಗೋರಿ. ಇಂಜಿನ್ ಆರಿಸಿದ, ಚಾವಿ ಕಿತ್ತ, ಮಗಳ ಅಂಗೈಯ ಬನ್ನಿ ಎಲೆಯ ಮೇಲೆ ಇಟ್ಟ, ಯಾಕೆ ಪಪ್ಪಾ, ಠೀಕ್ ಆಯ್ತಲ್ಲಾ — ಆಯಿತು, ಗಾಡಿ ಆಯಿತು, ಹೇಳಬೇಕು, ಏನೋ ಹೇಳಬೇಕು, ಒಂದು ಗೆರೆ, ಎರಡು ಗೆರೆ, ಮೂರನೆಯದು ಗಿಡ್ಡ, ಮೂರನೆಯದು ಗಿಡ್ಡ.