ಗಂಟೆ ಹೊಡೆದ ಮೇಲೂ

ಸತ್ತವಳ ಮಗಳು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಹೆಮ್ಮಾರಿ ಅಲ್ಲೇ ನಿಂತುಬಿಟ್ಟಳು.

"ನೀವು ಒಳಗೆ ಬರೋದು ಬೇಡ."

"ಒಂದ್ಸಲ ಕೈ ಹಿಡಿದು ಹೊರಟುಹೋಗ್ತೀನಿ ತಾಯಿ. ಅಷ್ಟೇ."

"ನೀವು ಅಮ್ಮನ್ನ ಮುಟ್ಟಿದ್ದು ಸಾಕು."

ಅಂಗಳದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದವರು ಕತ್ತೆತ್ತಿ ನೋಡಿದರು. ಹೆಮ್ಮಾರಿ ಎನ್ನುವುದು ಕುಸ್ತಿ ಕಂಪನಿಯವರು ಪೋಸ್ಟರಿಗೆಂದು ಇಟ್ಟ ಹೆಸರು. ಒಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದವಳಿಗೆ ಇಟ್ಟಿದ್ದು ಬೆಳ್ಳಿಚುಕ್ಕಿ ಎಂದು. ಜನ ಚುಕ್ಕಿಗೆ ಚಪ್ಪಾಳೆ ತಟ್ಟುತ್ತಿದ್ದರು, ಇವಳ ಮೇಲೆ ಚಪ್ಪಲಿ ಎಸೆಯುತ್ತಿದ್ದರು. ಮನೆಯಲ್ಲಿ ಜಿರಲೆ ಕಂಡರೆ ಕುರ್ಚಿ ಹತ್ತುವ ಹೆಂಗಸು ಇವಳು. ಆದರೂ ಒಮ್ಮೆ ಅಂಟಿದ ಹೆಸರು ತೊಳೆದರೆ ಹೋಗುತ್ತದೆಯೇ? ಬಾಡಿಗೆಗೆ ಮನೆ ಕೊಡುವವರೂ ಹಿಂದೆಮುಂದೆ ನೋಡುತ್ತಿದ್ದರು.

"ಕತ್ತು ಮುರಿದೋಳು ಸಾವಿಗೂ ಬಂದ್ಲಲ್ಲ, ಏನು ಧೈರ್ಯ," ಎಂದಳು ಪಕ್ಕದ ಮನೆಯಾಕೆ.

"ಮೆತ್ತಗೆ ಮಾತಾಡೇ," ಎಂದ ಅವಳ ಗಂಡ. "ಕೇಳಿಸ್ಕೊಂಡ್ರೆ ನಿಂದೂ ಮುರಿದಾಳು."

ಹೆಮ್ಮಾರಿ ಹಿಂದೆ ಸರಿದು ಕಾಂಪೌಂಡ್ ಗೋಡೆಗೆ ಒರಗಿದಳು. ಬಯ್ಗುಳ ಅವಳಿಗೆ ಹೊಸದಲ್ಲ, ಒಂದು ಕಾಲಕ್ಕೆ ಅದೇ ಅವಳ ಅನ್ನ. ಆದರೆ ಹೆಣ ಒಯ್ಯುವ ಗಾಡಿ ಬರುವುದರೊಳಗೆ ಆ ಕೈಯನ್ನು ಒಮ್ಮೆ ಹಿಡಿಯದಿದ್ದರೆ, ಇನ್ನುಳಿದ ದಿನಗಳನ್ನು ಹೇಗೆ ನೂಕುವುದೆಂದು ಅವಳಿಗೆ ತಿಳಿಯಲಿಲ್ಲ.

*

ಕಂಪನಿಯಲ್ಲಿ ಮೊದಲು ಕಲಿಸುವುದೇ ಬೀಳುವುದನ್ನು. ಗದ್ದವನ್ನು ಎದೆಗೊತ್ತಿ, ಅಂಗೈ ಬಡಿದು, ಇಡೀ ಬೆನ್ನು ಊರುವಂತೆ ಬೀಳಬೇಕು. ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತಿತ್ತು, ಆದರೆ ನೆಲ ಮಾತ್ರ ನಿಜವಾದದ್ದೇ. ಬೀಳುವವಳ ಜೀವ ಬೀಳಿಸುವವಳ ಕೈಯಲ್ಲಿ. ಹಾಗಾಗಿ ಅವರಿಬ್ಬರೇ ಒಂದು ಕಟ್ಟಳೆ ಮಾಡಿಕೊಂಡರು. ಕೆಡವಿ ಮೇಲೆ ಬಿದ್ದವಳು ಕೆಳಗಿನವಳ ಕೈಯನ್ನು ಎರಡು ಸಲ ಅಮುಕಬೇಕು. ನೆಟ್ಟಗಿದ್ದರೆ ಕೆಳಗಿನವಳು ಒಂದು ಸಲ ಅಮುಕುತ್ತಾಳೆ. ಉತ್ತರ ಬರುವ ತನಕ ಮೇಲಿನವಳು ಏಳಬಾರದು.

"ಉತ್ತರ ಬರದೇ ಇದ್ರೆ?"

"ನಿನ್ನ ಭಾರಕ್ಕೆ ಸತ್ತೆ ಅಂತ ತಿಳ್ಕೊ ಕಣೇ," ಎಂದು ಚುಕ್ಕಿ ನಕ್ಕಿದ್ದಳು. "ತಿನ್ನೋದು ಸ್ವಲ್ಪ ಕಮ್ಮಿ ಮಾಡು."

ಕಂಪನಿಯ ಕಟ್ಟಳೆ ಬೇರೆ ಇತ್ತು. ಅಖಾಡದ ಹಗೆಗಳು ಹೊರಗೂ ಹಗೆಗಳೇ. ಒಂದೇ ಬಸ್ಸು ಹತ್ತುವಂತಿಲ್ಲ, ಒಂದೇ ಹೋಟೆಲಿನಲ್ಲಿ ಉಣ್ಣುವಂತಿಲ್ಲ. ಚುಕ್ಕಿಗೆ ಮಗಳು ಹುಟ್ಟಿದಾಗ ಹೆಮ್ಮಾರಿ ಮುಖಕ್ಕೆ ಸೆರಗು ಸುತ್ತಿಕೊಂಡು, ಆಸ್ಪತ್ರೆಯ ಹಿಂಬಾಗಿಲಿಂದ ಹೋಗಿ ಕೂಸನ್ನು ಎತ್ತಿಕೊಂಡಿದ್ದಳು.

"ಇವಳಿಗೂ ಹೇಳಲ್ವೇನೇ, ನಾವು ಗೆಳತೀರು ಅಂತ?"

"ಮಕ್ಕಳ ಬಾಯಲ್ಲಿ ಗುಟ್ಟು ನಿಲ್ಲುತ್ತಾ? ದೊಡ್ಡೋಳಾಗ್ಲಿ, ನಾನೇ ಹೇಳ್ತೀನಿ."

ಮಗಳು ದೊಡ್ಡವಳಾದಳು, ಕಂಪನಿಯೂ ಮುಚ್ಚಿತು. ಚುಕ್ಕಿ ಹೇಳಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ಒಂದೇ ಮಾತು: "ಅವಳ ಪಾಲಿಗೆ ನಾನು ನಿಜವಾಗ್ಲೂ ಗೆದ್ದೋಳು ಕಣೇ. ಅದೆಲ್ಲ ಆಟ ಅಂತ ಯಾವ ಬಾಯಲ್ಲಿ ಹೇಳ್ಲಿ?"

*

ಮಗಳು ಕಾಂಪೌಂಡ್ ಹತ್ತಿರ ಬಂದಳು.

"ಅಮ್ಮನ ಕತ್ತು ಮುರಿದ ದಿನ ನಾನು, ಇನ್ನೂ ಚಿಕ್ಕೋಳು, ಮುಂದಿನ ಸಾಲಲ್ಲೇ ಕೂತಿದ್ದೆ. ಗಂಟೆ ಹೊಡೆದ್ಮೇಲೂ ನೀವು ಅಮ್ಮನ ಮೇಲಿಂದ ಏಳ್ಲಿಲ್ಲ. ನಾನು ಕಿರುಚ್ತಾನೇ ಇದ್ದೆ."

"ಹೌದು ತಾಯಿ. ಏಳ್ಲಿಲ್ಲ."

ನಾಲಗೆಯ ತುದಿಗೆ ಬಂದದ್ದನ್ನು ಹೆಮ್ಮಾರಿ ನುಂಗಿಕೊಂಡಳು. ಹೇಳದೆ ಹೋದವಳನ್ನು ಅವಳ ಹೆಣದ ಮುಂದೆಯೇ ಸುಳ್ಳುಗಾತಿ ಮಾಡುವುದು ಹೇಗೆ?

*

ಅವತ್ತು ಹಗ್ಗ ಸಡಿಲವಾಗಿತ್ತು. ಮೂಲೆಯ ಕಂಬದಿಂದ ಹಾರಿದ ಚುಕ್ಕಿಯ ಪಾದ ಜಾರಿತು, ಹಿಡಿಯಲು ಹೆಮ್ಮಾರಿ ಚಾಚಿದ ಕೈಗೆ ಸಿಗದೆ ತಲೆ ಕೆಳಗಾಗಿ ಬಿದ್ದಳು. ಹೆಮ್ಮಾರಿ ಮೇಲೆ ಬಿದ್ದವಳಂತೆ ನಟಿಸಿ, ಭಾರವನ್ನೆಲ್ಲ ಮೊಣಕೈಗಳ ಮೇಲೆ ಹಾಕಿ, ಕೈ ಅಮುಕಿದಳು. ಉತ್ತರವಿಲ್ಲ. ಮತ್ತೆ ಅಮುಕಿದಳು. ಇಲ್ಲ.

ಗಂಟೆ ಹೊಡೆಯಿತು. "ಏಳೇ, ಗಂಟೆ ಹೊಡೆದಾಯ್ತು," ಎಂದು ರೆಫ್ರಿ ಕಿವಿಯಲ್ಲಿ ಗದರಿದ. ತಾನು ಎದ್ದರೆ ಯಾರಾದರೂ ಬಂದು ಎತ್ತುತ್ತಾರೆ, ಎತ್ತಿದರೆ ಕತ್ತು ಹೋಗುತ್ತದೆ. ಅವಳು ಏಳಲಿಲ್ಲ. "ಡಾಕ್ಟರನ್ನ ಕರಿ," ಎಂದು ರೆಫ್ರಿಗೆ ಪಿಸುಗುಟ್ಟಿದಳು. ಬೆನ್ನ ಮೇಲೆ ಚಪ್ಪಲಿಗಳು ಬಿದ್ದವು. ಕೊನೆಗೆ ಇರುವೆ ಕಚ್ಚಿದಷ್ಟು ಮೆತ್ತಗೆ ಅಂಗೈಗೆ ಒಂದು ಒತ್ತು ಬಂತು. ಆಮೇಲೆಯೇ ಅವಳು ಎದ್ದು, ಡಾಕ್ಟರಿಗೆ ಜಾಗ ಬಿಟ್ಟಿದ್ದು.

*

ಬೀದಿಯ ತಿರುವಿನಲ್ಲಿ ಗಾಡಿ ಕಾಣಿಸಿತು. ಕೋಲೂರಿಕೊಂಡು ಬಂದಿದ್ದ ಮುದಿ ರೆಫ್ರಿ ಮಗಳ ಹತ್ತಿರ ಹೋದ.

"ಬಿಡಮ್ಮ ಒಳಗೆ. ಸಾವಿನ ಮನೇಲಿ ಹಗೆ ಯಾಕೆ?"

ಮಗಳು ದಾರಿ ಬಿಟ್ಟು ಸರಿದಳು. "ಮುಖ ನೋಡಿ ಹೊರಟುಬಿಡಿ," ಎಂದಳು.

ಹೆಮ್ಮಾರಿ ನಡುಮನೆಯಲ್ಲಿ ಮಂಡಿಯೂರಿ ಕೂತಳು. ಬಟ್ಟೆ ಸರಿಸಿ, ತಣ್ಣಗಿದ್ದ ಕೈಯನ್ನು ತೆಗೆದುಕೊಂಡು ಎರಡು ಸಲ ಅಮುಕಿದಳು. ಕಾದಳು. ಮತ್ತೆ ಎರಡು ಸಲ ಅಮುಕಿದಳು.

"ಅದು," ಎಂದಳು ಹಿಂದೆ ನಿಂತಿದ್ದ ಮಗಳು. "ಅದನ್ನ ಅಮ್ಮ ನಂಗೊಬ್ಳಿಗೇ ಹೇಳ್ಕೊಟ್ಟಿದ್ದು ಅಂದ್ಕೊಂಡಿದ್ದೆ. ಶಾಲೆ ಗೇಟಲ್ಲಿ ಎರಡು ಸಲ ಅಮುಕೋಳು. ನಾನು ಒಂದ್ಸಲ ಅಮುಕೋ ತನಕ ಕೈ ಬಿಡ್ತಾನೇ ಇರ್ಲಿಲ್ಲ."

"ಉತ್ತರ ಬರೋ ತನಕ ಬಿಡಬಾರ್ದು, ತಾಯಿ. ನಾವಿಬ್ರೂ ಮಾಡ್ಕೊಂಡಿದ್ದ ಕಟ್ಟಳೆ ಅದು."

ಮಗಳು ಒಂದು ಹೆಜ್ಜೆ ಮುಂದೆ ಬಂದಳು.

"ಅವತ್ತೂ ಅದಕ್ಕೇ ಏಳ್ಲಿಲ್ವಾ?"

ಹೆಮ್ಮಾರಿ ಹೌದೆಂದು ತಲೆಯಾಡಿಸಿದಳು.

ಹೊರಗೆ ಗಾಡಿ ನಿಂತ ಸದ್ದಾಯಿತು. ಎತ್ತುವವರು ಚಪ್ಪಲಿ ಬಿಟ್ಟು ಒಳಗೆ ಬಂದರು. ರೆಫ್ರಿ ಬಗ್ಗಿ ಹೆಮ್ಮಾರಿಯ ಭುಜ ಮುಟ್ಟಿದ.

"ಏಳೇ," ಎಂದ. "ಗಂಟೆ ಹೊಡೆದಾಯ್ತು."

ಅವಳು ಏಳಲಿಲ್ಲ. ಮಗಳು ಸುತ್ತಿ ಬಂದು ಆ ಕಡೆ ಕೂತು, ಅಮ್ಮನ ಇನ್ನೊಂದು ಕೈಯನ್ನು ಬಟ್ಟೆಯಿಂದ ಹೊರಗೆ ತೆಗೆದಳು. ಎರಡು ಸಲ ಅಮುಕಿದಳು. ಎತ್ತಲು ಬಂದವರು ಗೋಡೆಗೆ ಸರಿದು ನಿಂತರು. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು, ಇಬ್ಬರೂ ಕಾಯುತ್ತಾ ಕೂತರು.