ಕಾರ್ಡಿನಲ್ಲಿ ಇಲ್ಲದ ಮಾತು

ನನ್ನ ಕೆಲಸ ಕೇಳುವುದು. ಹಾಗೆಂದರೆ ಜನ ನಗುತ್ತಾರೆ, ಕೇಳುವುದಕ್ಕೂ ಸಂಬಳ ಕೊಡುತ್ತಾರಾ ಅಂತ. ಕೊಡುತ್ತಾರೆ. ಹೊರದೇಶಕ್ಕೆ ಹೊರಟವರ ಡಿಗ್ರಿ ನಿಜವೋ ಸುಳ್ಳೋ, ಅವರಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ನೋಡಿ ವೀಸಾ ಕೊಡುವವರಿಗೆ ತಿಳಿಸುವ ಕಚೇರಿ ನಮ್ಮದು. ಕೆಳಗಿನ ಮಹಡಿಯಲ್ಲಿ ಡಿಗ್ರಿ ನೋಡುತ್ತಾರೆ. ನಡುವಿನ ಮಹಡಿಯ ಸಣ್ಣ ಸಣ್ಣ ಕೋಣೆಗಳಲ್ಲಿ ಇಂಗ್ಲಿಷ್ ಮಾತಾಡಿಸುತ್ತಾರೆ. ಅಲ್ಲಿ ಆಡಿದ್ದೆಲ್ಲ ರೆಕಾರ್ಡ್ ಆಗಿ ಮೇಲಿನ ಮಹಡಿಗೆ, ನನ್ನ ಹೆಡ್‌ಫೋನಿಗೆ ಬರುತ್ತದೆ. ಕಚೇರಿಯಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ನಾನು ಕಿವಿ ಸಾರ್.

ಅಭ್ಯರ್ಥಿಗಳಿಗೆ ಅಂಕ ಹಾಕುವವನು ನಾನಲ್ಲ. ನಾನು ಕಿವಿ ಇಡುವುದು ಪರೀಕ್ಷಕರ ಮೇಲೆ. ಅವರ ಕೈಯಲ್ಲಿ ಪ್ರಶ್ನೆಗಳ ಒಂದು ಕಾರ್ಡು ಇರುತ್ತದೆ, ಅದರಲ್ಲಿ ಇದ್ದಷ್ಟನ್ನೇ ಓದಬೇಕು. ‘ಅಯ್ಯೋ ಪಾಪ’ ಅನ್ನುವಂತಿಲ್ಲ, ‘ಭೇಷ್’ ಅನ್ನುವಂತಿಲ್ಲ. ಅಭ್ಯರ್ಥಿಯೇ ತಿರುಗಿ ಏನಾದರೂ ಕೇಳಿದರೆ ಕೇಳಿಸದವರ ಹಾಗೆ ಮುಂದಿನ ಪ್ರಶ್ನೆಗೆ ಹೋಗಬೇಕು. ಪರೀಕ್ಷಕರು ಮುಖ ಕೊಟ್ಟು ಮಾತಾಡಿದರೆ ಎದುರಿಗೆ ಕೂತವರ ನಾಲಿಗೆ ಸಡಿಲವಾಗುತ್ತದೆ, ಪಕ್ಕದ ಕೋಣೆಯಲ್ಲಿ ಕೂತವರಿಗೆ ಆ ಭಾಗ್ಯ ಇರುವುದಿಲ್ಲ. ನ್ಯಾಯವೇ, ಇಲ್ಲ ಅನ್ನುವುದಿಲ್ಲ. ಆದರೆ ಕಾರ್ಡಿನಾಚೆ ಒಂದೇ ಒಂದು ಮಾತು ಬಿದ್ದರೂ ನಾನು ಕೆಂಪು ಗುರುತು ಹಾಕಬೇಕು, ಆ ಪರೀಕ್ಷೆ ರದ್ದಾಗುತ್ತದೆ. ಬಾಯಿ ಜಾರುವುದು ಪರೀಕ್ಷಕರದ್ದು, ಪೆಟ್ಟು ಬೀಳುವುದು ಅಭ್ಯರ್ಥಿಗೆ. ಈ ನಿಯಮ ಮಾಡಿದ ಪುಣ್ಯಾತ್ಮನನ್ನು ಒಂದು ದಿನ ಆ ಕೋಣೆಯಲ್ಲಿ ಕೂರಿಸಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಇನ್ನೊಂದು ನಿಯಮವೂ ಇದೆ. ಪರೀಕ್ಷಕರೂ ನಾನೂ ಪರಸ್ಪರ ಮಾತಾಡಬಾರದು, ಸಲುಗೆ ಬೆಳೆದರೆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ ಎಂದು. ಹಾಗಾಗಿ ನಡುವಿನ ಮಹಡಿಯ ಮೂಲೆ ಕೋಣೆಯಲ್ಲಿ ಪರೀಕ್ಷೆ ಮಾಡುವ ಮೇಡಂ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ನಾವಿಬ್ಬರೂ ಜಗಳವಾಡಿದ ಓರಗಿತ್ತಿಯರ ಹಾಗೆ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಗೋಡೆ ನೋಡಿಕೊಂಡು ಹೋಗುತ್ತೇವೆ. ಆದರೆ ಅವರ ದನಿಯನ್ನು ನನ್ನಷ್ಟು ಬಲ್ಲವರು ಯಾರೂ ಇರಲಾರರು. ಅವರಿಗೆ ನೆಗಡಿಯಾದರೆ ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಗಡಿಯಾರಕ್ಕೆ ಬಾಯಿ ಬಂದಿದ್ದರೆ ಹಾಗೆ ಮಾತಾಡುತ್ತಿತ್ತೇನೋ, ಅಷ್ಟು ಅಚ್ಚುಕಟ್ಟು. ಇಷ್ಟು ವರ್ಷಗಳಲ್ಲಿ ಅವರಿಗೆ ನಾನು ಒಂದು ಕೆಂಪು ಗುರುತೂ ಹಾಕಿಲ್ಲ.

ಸಂಜೆ ಮನೆಗೆ ಹೋಗುತ್ತೇನೆ. ಚಪ್ಪಲಿ ಬಿಟ್ಟು, ದೀಪ ಹಾಕಿ, ಕುಕ್ಕರ್ ಇಡುತ್ತೇನೆ. ಮನೆಯಲ್ಲಿ ಮೊದಲು ಬಾಯಿ ಬಿಡುವುದು ಅದೇ. ಭಾನುವಾರ ಅಕ್ಕ ಫೋನ್ ಮಾಡಿ ತನ್ನ ಮಂಡಿನೋವು, ಸೊಸೆ, ನೀರಿನ ಪೈಪು ಎಲ್ಲ ಹೇಳುತ್ತಾಳೆ. ಆಮೇಲೆ ನೀನು ಏನು ಹೇಳೋ ಅನ್ನುತ್ತಾಳೆ. ಹೇಳಲು ನನ್ನ ಹತ್ತಿರ ಏನೂ ಇರುವುದಿಲ್ಲ. ದಿನವೆಲ್ಲ ಊರ ಜನರ ಮನೆಮಠ, ಮಕ್ಕಳುಮರಿಗಳ ಸುದ್ದಿ ಕೇಳಿದವನಿಗೆ ತನ್ನದೆಂದು ಹೇಳಿಕೊಳ್ಳುವ ಒಂದು ಸುದ್ದಿ ಇಲ್ಲದಿರುವುದು ನನಗೇ ಬೇಜಾರು.

ಲ್ಯಾಬ್ ಟೆಕ್ನಿಷಿಯನ್ ಹೆಂಗಸೊಬ್ಬಳ ವಿಷಯ ನನಗೆ ಮೊದಲು ಹೇಳಿದವನು ಡಿಗ್ರಿ ವಿಭಾಗದ ಭೂತಗನ್ನಡಿ. ಸೀಲು, ಸಹಿಗಳನ್ನು ಕಣ್ಣಿಗೆ ಒತ್ತಿಕೊಂಡು ನೋಡುತ್ತಾನೆಂದು ಆ ಹೆಸರು. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಊಟದ ಡಬ್ಬಿ ಬಿಚ್ಚಿದ ಕೂಡಲೇ ಎಲ್ಲರ ಫೈಲೂ ಬಿಚ್ಚುತ್ತಾನೆ. ಆಕೆ ಓದಿದ್ದು ಒಂದು ದೇಶದಲ್ಲಿ, ಈಗ ಹೊರಟದ್ದು ಇನ್ನೊಂದಕ್ಕೆ. ಆ ಕಾಲೇಜು ಆಮೇಲೆ ಇನ್ನೊಂದರ ಜೊತೆ ಸೇರಿಹೋಯಿತು. ಹೊಸಬರು ಈಕೆ ಯಾರೋ ನಮಗೆ ಗೊತ್ತಿಲ್ಲ ಎಂದರು, ಹಳಬರು ಸಿಗಲಿಲ್ಲ. ಬರೆದೂ ಬರೆದೂ ಭೂತಗನ್ನಡಿಗೆ ಸಾಕುಸಾಕಾಗಿ ಕೊನೆಗೆ ಡಿಗ್ರಿ ನಿಜವೆಂದು ಒಪ್ಪಿಗೆ ಬಂತು. ಅಷ್ಟರಲ್ಲಿ ಗಂಡನಿಗೆ ಆ ಹೊರಟ ದೇಶದಲ್ಲಿ ಕೆಲಸ ಸಿಕ್ಕಿ, ಅವನು ಮಗಳನ್ನೂ ಕರೆದುಕೊಂಡು ಹೋಗಿಯಾಗಿತ್ತು. ಮಗು ಹೋಗುವಾಗ ಒಂದು ಹಲ್ಲೂ ಅಲ್ಲಾಡಿರಲಿಲ್ಲವಂತೆ, ಈಗ ಮುಂದಿನವೆಲ್ಲ ಬಿದ್ದು ಹೊಸವು ಬಂದಿವೆಯಂತೆ, ತಾಯಿ ನೋಡಿದ್ದು ಫೋನಿನಲ್ಲಿ. ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಆಕೆ ಎರಡು ಸಲ ಫೇಲಾಗಿದ್ದಳು. ಏನು ಕೇಳಿದರೂ ಹೂಂ, ಉಹೂಂ, ಅಷ್ಟೇ. ಈ ತಿಂಗಳು ದಾಟಿದರೆ ಅರ್ಜಿ ಬಿದ್ದುಹೋಗುತ್ತದೆ, ಡಿಗ್ರಿಯಿಂದ ಹಿಡಿದು ಎಲ್ಲ ಮತ್ತೆ ಮೊದಲಿನಿಂದ. ಹಾಗೇನಾದರೂ ಆದರೆ ತನ್ನ ತಲೆಯಲ್ಲಿ ಉಳಿದಿರುವ ನಾಲ್ಕು ಕೂದಲೂ ಹೋಗುತ್ತವೆ ಎಂದ ಭೂತಗನ್ನಡಿ.

ಅದಾದ ಮೇಲೆ ಬಂದದ್ದು ಆಕೆಯ ಮೂರನೆಯ ಪರೀಕ್ಷೆಯ ರೆಕಾರ್ಡಿಂಗು. ಮಾತಾಡಿಸಿದವರು ಮೂಲೆ ಕೋಣೆಯ ಮೇಡಂ. ಮೊದಲರ್ಧ ಹಿಂದಿನ ಎರಡು ಸಲದ ಹಾಗೆಯೇ. ಲ್ಯಾಬ್ ಹೇಗಿದೆ ಎಂದರೆ ಚೆನ್ನಾಗಿದೆ, ಮನೆ ಹೇಗಿದೆ ಎಂದರೆ ಚಿಕ್ಕದಿದೆ. ಆಮೇಲೆ ಮೇಡಂ ಕಾರ್ಡಿನಲ್ಲಿದ್ದ ಪ್ರಶ್ನೆ ಓದಿದರು: ಮನೆಯಲ್ಲಿ ನೀವು ಯಾರ ಜೊತೆ ಮಾತಾಡುತ್ತೀರಿ?

ಆಕೆ ಇಂಗ್ಲಿಷಿನಲ್ಲಿ ತಡವರಿಸುತ್ತಾ ಹೇಳಿದಳು. ಹಾಲಿನ ಜೊತೆ. ಉಕ್ಕಬೇಡ, ಬಂದೆ ಅಂತ ಹೇಳುತ್ತೇನೆ. ಬೀಗ ಹಾಕುವಾಗ ಬಾಗಿಲಿಗೆ ಹೋಗಿಬರುತ್ತೇನೆ ಅನ್ನುತ್ತೇನೆ. ಆಮೇಲೆ, ನೀವು ಮೇಡಂ, ನೀವು ಯಾರ ಜೊತೆ ಮಾತಾಡುತ್ತೀರಿ ಎಂದಳು.

ಮುಂದಿನ ಪ್ರಶ್ನೆ ಬರಬೇಕಿತ್ತು, ಬರಲಿಲ್ಲ. ಮೈಕು ಅಭ್ಯರ್ಥಿಯ ಕಡೆ ಇರುವುದರಿಂದ ಪರೀಕ್ಷಕರ ದನಿ ಯಾವಾಗಲೂ ಸಣ್ಣಗೆ ಬರುತ್ತದೆ. ನಾನು ಹೆಡ್‌ಫೋನಿನ ದನಿ ಏರಿಸಿದೆ. ಉಸಿರಿನ ಹಾಗೆ ಮೇಡಂ ದನಿ ಕೇಳಿಸಿತು: “ಯಾರ ಜೊತೆಯೂ ಇಲ್ಲ.”

ಅಲ್ಲಿಂದ ಆಚೆ ಆ ಹೆಂಗಸು ಬೇರೆಯವಳೇ ಆದಳು. ಮಗಳ ಹಲ್ಲು, ಗಂಡನ ಅಡುಗೆ, ಆ ದೇಶದಲ್ಲಿ ತಾನು ಮೊದಲು ನೋಡಬೇಕೆಂದಿರುವ ಆಸ್ಪತ್ರೆ, ಎಲ್ಲ ನೀರು ಹರಿದಂತೆ ಹೇಳಿದಳು. ಪಾಸಾಗುವಷ್ಟು ಅಂಕವೂ ಬಿದ್ದಿತ್ತು. ನಿಯಮ ಮಾಡಿದವನು ಯಾವುದಕ್ಕೆ ಹೆದರಿದ್ದನೋ ಅದೇ ಆಗಿತ್ತು. ಕೆಂಪು ಗುರುತಿಗೆ ಇದಕ್ಕಿಂತ ಸರಿಯಾದ ಕೇಸು ನನಗೆ ಸಿಕ್ಕಿರಲಿಲ್ಲ.

ಆ ಒಂದು ಮಾತನ್ನು ಹಿಂದಕ್ಕೆ ಓಡಿಸಿ ಓಡಿಸಿ ಕೇಳಿದೆ. ಎಷ್ಟು ಸಲವೋ ಲೆಕ್ಕವಿಲ್ಲ. ಆ ಹೆಂಗಸಿಗಾಗಿ ಕೇಳಿದೆ ಎಂದರೆ ಸುಳ್ಳಾದೀತು. ಇದೇ ಪ್ರಶ್ನೆಯನ್ನು ಯಾರಾದರೂ ನನಗೆ ಕೇಳಿದ್ದರೆ ನಾನು ಕೊಡುತ್ತಿದ್ದ ಉತ್ತರವೂ ಅದೇ, ಅದಕ್ಕೇ ಕೇಳಿದೆ. ಕೊನೆಗೆ ಹಸಿರು ಗುರುತು ಹಾಕಿ ಕಳಿಸಿದೆ.

ಮರುದಿನ ಬಾಗಿಲು ತಟ್ಟಿದ ಸದ್ದಾಯಿತು. ನನ್ನ ಕೋಣೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ, ಹಾಗಾಗಿ ಹೆಡ್‌ಫೋನಿನಲ್ಲೇ ಇರಬೇಕೆಂದುಕೊಂಡೆ. ಮತ್ತೆ ತಟ್ಟಿದರು. ನೋಡಿದರೆ ಮೂಲೆ ಕೋಣೆಯ ಮೇಡಂ. ಕೂರಿ ಎಂದರೂ ಕೂರಲಿಲ್ಲ. ಇಲ್ಲಿಗೆ ಬರಬಾರದು, ಗೊತ್ತು ಎಂದರು. ಆ ಲ್ಯಾಬಿನವರ ಪರೀಕ್ಷೆಯಲ್ಲಿ ತಾನು ಕಾರ್ಡಿನಲ್ಲಿ ಇಲ್ಲದ್ದನ್ನು ಆಡಿಬಿಟ್ಟೆ, ಕೆಂಪು ಗುರುತು ಬರುತ್ತದೆಂದು ಕಾದೆ, ಬರಲಿಲ್ಲ, ರಾತ್ರಿ ಕಣ್ಣಿಗೆ ನಿದ್ದೆ ಹತ್ತಲಿಲ್ಲ ಎಂದರು.

“ಅದು ರೆಕಾರ್ಡ್ ಆಗಿದ್ರೆ ನಾನೇ ಬರೆದು ಕೊಡ್ತೀನಿ. ಆಗಿಲ್ಲ ಅಂದ್ರೆ ಆ ಮಾತು ಆಡಿಲ್ಲ ಅಂತಾನೇ ನಮ್ಮಲ್ಲಿ ಲೆಕ್ಕ. ನಿಮಗೆ ಕೇಳಿಸ್ತಾ?”

ಕೇಳಿಸಿತು ಮೇಡಂ, ನನಗೂ ಯಾರೂ ಇಲ್ಲ. ಈ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷಗಳಲ್ಲಿ ಯಾರಿಗಾದರೂ ಹೇಳಲು ನನ್ನ ಹತ್ತಿರ ಇದ್ದ ಸುದ್ದಿ ಅದೊಂದೇ. ಆದರೆ ಈ ಮೇಡಂ ಹೇಳಿದಂತೆ ಮಾಡುವವರು. ನಾನು ಹೂಂ ಅಂದರೆ ಸಾಕು, ಕೆಳಗೆ ಹೋಗಿ ಬರೆದು ಸಹಿ ಹಾಕುತ್ತಾರೆ, ಪರೀಕ್ಷೆ ರದ್ದಾಗುತ್ತದೆ, ತಿಂಗಳು ಮುಗಿಯುತ್ತದೆ. ಆ ಮಗುವಿನ ಉಳಿದ ಹಲ್ಲುಗಳೂ ಫೋನಿನಲ್ಲೇ ಬೀಳುತ್ತವೆ.

“ಇಲ್ಲ ಮೇಡಂ, ಏನೂ ಕೇಳಿಸ್ಲಿಲ್ಲ,” ಎಂದೆ.

“ಏನೂ?”

“ನಿಮ್ಮ ಮೈಕು ದೂರ ಇದೆ. ಅಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಿಲ್ಲ, ಅಷ್ಟೇ.”

ಅವರ ಭುಜ ಇಳಿಯಿತು. ನೆಮ್ಮದಿಯಾಯಿತು ಅಂದುಕೊಂಡೆ. ಆದರೆ ಅವರು ಹೋಗಲಿಲ್ಲ. ಮೇಜಿನ ಮೇಲಿದ್ದ ಹೆಡ್‌ಫೋನನ್ನೇ ನೋಡುತ್ತಾ ನಿಂತರು.

“ಹಾಗಾದ್ರೆ ಯಾರಿಗೂ ಕೇಳಿಸ್ಲಿಲ್ಲ,” ಎಂದರು. ಪ್ರಶ್ನೆಯಾಗಿರಲಿಲ್ಲ ಅದು. ಆಮೇಲೆ, “ಒಳ್ಳೇದಾಯ್ತು ಬಿಡಿ,” ಎಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು. ಎದ್ದು ಹಿಂದೆಯೇ ಹೋಗಬೇಕೆನಿಸಿತು. ಹೋಗಲಿಲ್ಲ, ನನ್ನ ಮೇಲೆ ನನಗೇ ಸಿಟ್ಟು ಬಂತು.

ತಿಂಗಳು ಮುಗಿಯುವ ಮೊದಲೇ ಲ್ಯಾಬಿನಾಕೆಗೆ ವೀಸಾ ಬಂತು. ಆಕೆ ಬಂದು ತನ್ನೆರಡೂ ಕೈ ಹಿಡಿದುಕೊಂಡು ಅತ್ತಳೆಂದು ಭೂತಗನ್ನಡಿ ಡಬ್ಬಿಯ ಮುಂದೆ ಕೂತು ಹೇಳಿದ. ಎಲ್ಲ ತನ್ನ ಕೈಗುಣ ಎಂದ. ಹೌದಪ್ಪ ಎಂದೆ.

ಮೂಲೆ ಕೋಣೆಯ ರೆಕಾರ್ಡಿಂಗುಗಳು ಬರುತ್ತಲೇ ಇವೆ. ಬಾಗಿಲು ತಟ್ಟಿ ಹೋದ ದಿನದ ಮಧ್ಯಾಹ್ನದ ಮೊದಲ ರೆಕಾರ್ಡಿಂಗಿನಲ್ಲೇ, ಪರೀಕ್ಷೆ ಶುರುವಾಗುವ ಮುನ್ನ, ಮೇಜಿನ ಮೇಲೆ ಏನನ್ನೋ ಎಳೆದ ಸದ್ದು ಕೇಳಿಸಿತ್ತು. ಮೇಡಂ ಮೈಕನ್ನು ತಮ್ಮ ಕಡೆಗೆ ಸರಿಸಿಕೊಂಡಿದ್ದರು. ಈಗ ಅವರ ಉಸಿರೂ ಕೇಳಿಸುತ್ತದೆ. ಮನೆಯಲ್ಲಿ ನೀವು ಯಾರ ಜೊತೆ ಮಾತಾಡುತ್ತೀರಿ ಎಂದು ಕಾರ್ಡು ನೋಡಿ ಓದುತ್ತಾರೆ, ಉತ್ತರ ಮುಗಿಯುವವರೆಗೂ ಕಾಯುತ್ತಾರೆ, ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ನಾನು ಹಸಿರು ಗುರುತು ಹಾಕುತ್ತೇನೆ.